ಕಾರಣ್ ಸಾಹೇಬರ ಯುದ್ಧ

ನಮ್ಮ ಇತಿಹಾಸದ ಮೇಷ್ಟ್ರ ತರಗತಿಯಲ್ಲಿ ಅಮೆರಿಕದ ಅಂತರ್ಯುದ್ಧ ಯಾವ ವರ್ಷವೂ ಮುಗಿಯುತ್ತಿರಲಿಲ್ಲ. ದೀಪಾವಳಿ ರಜೆ ಕಳೆದ ಮೇಲೆ ಯುದ್ಧದ ಕಾರಣಗಳು ಶುರುವಾಗುತ್ತಿದ್ದವು. ಉತ್ತರಾಯಣ ಬಂದು ಊರಿನ ಮಾಳಿಗೆಗಳ ಮೇಲೆಲ್ಲ ಗಾಳಿಪಟ ಹಾರುವ ಹೊತ್ತಿಗೂ ಕಾರಣಗಳೇ ನಡೆದಿರುತ್ತಿದ್ದವು. ಹೋಳಿ ಹತ್ತಿರ ಬಂದಾಗ ಮೊದಲ ಗುಂಡು ಹಾರುತ್ತಿತ್ತು, ಅಷ್ಟರಲ್ಲಿ ಪರೀಕ್ಷೆ. ನಮಗಿಂತ ಹಿಂದಿನವರಿಗೂ ಹೀಗೇ, ಅವರಿಗಿಂತ ಹಿಂದಿನವರಿಗೂ ಹೀಗೇ. ಅಹಮದಾಬಾದಿನ ಆ ಕಾಲೇಜಿನಿಂದ ಬಿ.ಎ. ಮುಗಿಸಿ ಬ್ಯಾಂಕು, ಮಿಲ್ಲು, ವಿಮಾ ಕಚೇರಿ ಸೇರಿದ ಎಷ್ಟೋ ಜನರ ತಲೆಯಲ್ಲಿ ಅಮೆರಿಕದ ಗುಲಾಮರು ಇವತ್ತಿಗೂ ಗುಲಾಮರಾಗಿಯೇ ಇದ್ದಾರೆ.

ಗೇಟಿನೆದುರು ಚಹಾ ಮಾರುವವನಿಗೂ ಇದು ಗೊತ್ತಿತ್ತು. ಮೇಷ್ಟ್ರು ಬಂದು ನಿಂತರೆ ಸಾಕು, “ಸಾಹೇಬ್, ಲಡಾಈ ಪತೀ ಗಈ?” ಅನ್ನುತ್ತಿದ್ದ. ಯುದ್ಧ ಮುಗಿಯಿತೇ ಎಂದು. ಮೇಷ್ಟ್ರು ಬಶಿಗೆ ಚಹಾ ಸುರಿದುಕೊಂಡು, ತಮಾಷೆಯ ಸುಳಿವೂ ಇಲ್ಲದ ಮುಖದಲ್ಲಿ, “ಇನ್ನೂ ಕಾರಣದಾಗ ಇದ್ದೀವಪಾ” ಎಂದು ಉತ್ತರ ಕೊಡುತ್ತಿದ್ದರು. ಹೀಗಾಗಿ ಹುಡುಗರು ಅವರಿಗಿಟ್ಟ ಹೆಸರು ಕಾರಣ್ ಸಾಹೇಬ್. ಅವರ ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. ಆ ಹೆಸರು ಹಿಡಿದು ಕರೆಯುತ್ತಿದ್ದವರು ಈಗ ಯಾರೂ ಇಲ್ಲ.

ಇನ್ನೊಂದು ಮಾತು. ಮೇಷ್ಟ್ರು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಶುರು ಮಾಡಿ, ಅರ್ಧಕ್ಕೆ ಗುಜರಾತಿಗೆ ಇಳಿದು, ಸಿಟ್ಟು ಬಂದಾಗ ಧಾರವಾಡಕ್ಕೆ ಹೋಗಿಬಿಡುತ್ತಿದ್ದರು. ನಾನಿಲ್ಲಿ ಅವರ ಮಾತನ್ನೆಲ್ಲ ಧಾರವಾಡದಲ್ಲೇ ಬರೆಯುತ್ತಿದ್ದೇನೆ. ಅವರು ಯಾವ ಭಾಷೆ ಆಡಿದರೂ ನನ್ನ ಕಿವಿಗೆ ಬೀಳುತ್ತಿದ್ದದ್ದು ಅದೇ.

ನನ್ನ ಕಿವಿಯ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ನನ್ನಲ್ಲಿ ಕೆಲಸ ಮಾಡುವ ಅಂಗ ಅದೊಂದೇ ಎಂದು ನಮ್ಮಪ್ಪನ ಅಭಿಪ್ರಾಯ. ಅಪ್ಪ ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯವರು, ಮೈಸೂರಿನಿಂದ ವರ್ಗವಾಗಿ ಇಲ್ಲಿಗೆ ಬಂದವರು. ನಾನು ಅವರ ದನಿಯಲ್ಲಿ ಹಾಲಿನವನನ್ನು ಬೈದು ಅವರ ಕೈಯಲ್ಲೇ ಏಟು ತಿಂದಿದ್ದೇನೆ. ಪ್ರಿನ್ಸಿಪಾಲರ ಕೆಮ್ಮು, ಪಕ್ಕದ ಮನೆಯ ಗುಜರಾತಿ ಅಜ್ಜಿ ಸೊಸೆಯನ್ನು ಕರೆಯುವ ರಾಗ, ಕನ್ನಡ ಸಂಘದ ಕಾರ್ಯದರ್ಶಿ ವಂದನಾರ್ಪಣೆ ಮಾಡುವಾಗ ಮೂಗಿನಲ್ಲಿ ಉಳಿಸಿಕೊಳ್ಳುವ ಅರ್ಧ ಪದ, ಎಲ್ಲವೂ ನನ್ನ ಬಾಯಿಗೆ ಬರುತ್ತಿದ್ದವು. ಪಾಠ ಮಾತ್ರ ಬರುತ್ತಿರಲಿಲ್ಲ.

ಮೇಷ್ಟ್ರನ್ನು ಅನುಕರಿಸುವುದು ಸುಲಭ. ಪ್ಯಾಂಟು ತೊಟ್ಟಿದ್ದರೂ ಧೋತರದ ಅಂಚು ಹಿಡಿದವರ ಹಾಗೆ ಎಡಗೈಯಲ್ಲಿ ತೊಡೆಯ ಹತ್ತಿರದ ಬಟ್ಟೆಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಕು. ಮೇಜಿನ ಮೇಲೆ ಫುಟ್‌ಪಟ್ಟಿಯಿಂದ ಒಮ್ಮೆ ತಟ್ಟಬೇಕು. ಆಮೇಲೆ ಎರಡೂ ಹುಬ್ಬುಗಳನ್ನು ಕೂದಲಿನವರೆಗೆ ಏರಿಸಿ, “ಯಾಕ?” ಅನ್ನಬೇಕು. ಅಷ್ಟೇ.

ಅವರು ಗುಜರಾತಿಗೆ ಬಂದದ್ದು ಹೇಗೆಂದು ಕೇಳಿದರೆ ಒಂದೇ ಉತ್ತರ. “ನಾ ಎಲ್ಲೂ ಬಂದಿಲ್ಲಪಾ. ನಾ ಇಲ್ಲಿ ಕೆಲಸಕ್ಕ ಸೇರಿದಾಗ ಧಾರವಾಡನೂ ಮುಂಬಯಿ ರಾಜ್ಯದಾಗಿತ್ತು, ಅಹಮದಾಬಾದನೂ ಮುಂಬಯಿ ರಾಜ್ಯದಾಗಿತ್ತು. ಒಂದು ದಿನ ಧಾರವಾಡ ಎದ್ದು ಮೈಸೂರಿಗೆ ಹೋತು. ಮತ್ತೊಂದು ದಿನ ಮುಂಬಯಿನೂ ಬಿಟ್ಟು ಹೋತು. ನಾ ಕೂತಲ್ಲೇ ಇದ್ದೀನಿ, ರಾಜ್ಯಗಳು ಎದ್ದು ಹೋಗ್ಯಾವ.” ಅಮೆರಿಕದಲ್ಲಿ ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೊರಟ ಪಾಠ ಬಂದಾಗ ಯಾರಾದರೂ ಇದನ್ನು ನೆನಪಿಸಿದರೆ ಅವರಿಗೆ ಹಿಡಿಸುತ್ತಿರಲಿಲ್ಲ. “ನಾವು ಹೋದದ್ದು ನಮ್ಮ ಭಾಷಾಕ್ಕ. ಅವರು ಹೋದದ್ದು ಮನಶ್ಯಾರನ್ನ ಮಾರಲಿಕ್ಕೆ. ಎರಡೂ ಒಂದ ಗಂಟಿನ್ಯಾಗ ಕಟ್ಟಬ್ಯಾಡ್ರಿ.”

ಕಾರಣಗಳು ಮುಗಿಯದೆ ಇರುವುದಕ್ಕೆ ಅವರ ಪದ್ಧತಿಯೇ ಕಾರಣ. ಪೇಟೆಯಲ್ಲಿ ಸಿಗುವ ಗೈಡಿನಲ್ಲಿ ಯುದ್ಧಕ್ಕೆ ಆರು ಕಾರಣ ಕೊಟ್ಟಿದ್ದರು. ರಾಜ್ಯಗಳ ಹಕ್ಕು, ಆಮದು ಸುಂಕ, ಪಶ್ಚಿಮದ ಹೊಸ ಭೂಮಿ, ಗುಲಾಮಗಿರಿ, ಹೀಗೆ. ಗುಲಾಮಗಿರಿ ನಾಲ್ಕನೆಯದು. ಮೇಷ್ಟ್ರು ಒಬ್ಬನನ್ನು ಎಬ್ಬಿಸುತ್ತಿದ್ದರು. ಅವನು ರಾಜ್ಯಗಳ ಹಕ್ಕು ಅನ್ನುತ್ತಿದ್ದ.

“ಯಾತರ ಹಕ್ಕು?”

“ತಮ್ಮ ಕಾನೂನು ತಾವು ಮಾಡಿಕೊಳ್ಳುವ ಹಕ್ಕು, ಸಾಹೇಬ್.”

“ಯಾವ ಕಾನೂನು? ಹೆಸರು ಹೇಳು.”

ಅವನು ಗೈಡಿನ ಹಾಳೆ ತಿರುವುತ್ತಿದ್ದ. ಇನ್ನೊಬ್ಬ ಎದ್ದು ಸುಂಕ ಅನ್ನುತ್ತಿದ್ದ. ಸುಂಕದ ಮೇಲೆ ದಕ್ಷಿಣದವರಿಗೆ ಸಿಟ್ಟು ಯಾಕೆ? ಹತ್ತಿ ಹೊರಗೆ ಕಳಿಸಿ ಸಾಮಾನು ಒಳಗೆ ತರಿಸುವವರು ಅವರು. ಅಷ್ಟು ಹತ್ತಿ ಹೇಗೆ ಬೆಳೆಯಿತು? ಹೊಸ ಭೂಮಿಯ ಜಗಳ ಯಾಕೆ? ಅಲ್ಲಿಗೂ ಹತ್ತಿ ಒಯ್ಯಬೇಕು. ಹತ್ತಿಯ ಜೊತೆ ಯಾರನ್ನು ಒಯ್ಯಬೇಕು? ಹೀಗೆ ಪ್ರತಿ ಕಾರಣಕ್ಕೂ ಹುಬ್ಬೇರಿಸಿ ಯಾಕ, ಯಾಕ ಎಂದು ಕೇಳುತ್ತ ವಾರಗಟ್ಟಲೆ ಇಳಿಸಿಕೊಂಡು ಹೋಗಿ, ಕೊನೆಗೆ ಹೊಲದಲ್ಲಿ ಹತ್ತಿ ಬಿಡಿಸುವ ಒಬ್ಬ ಹೆಂಗಸಿನ ಬೆರಳಿನ ಮುಂದೆ ನಮ್ಮನ್ನು ನಿಲ್ಲಿಸುತ್ತಿದ್ದರು. “ಎಲ್ಲೇ ಇಳದ್ರೂ ತಳದಾಗ ಆಕೀನ ನಿಂತಿರತಾಳ” ಅನ್ನುತ್ತಿದ್ದರು. ಸೇನಾಪತಿಗಳ, ಅಧ್ಯಕ್ಷರ ಹೆಸರು ಅವರ ಬಾಯಲ್ಲಿ ಬರುತ್ತಿದ್ದದ್ದೇ ಕಡಿಮೆ. ಹೆಸರು ಪರೀಕ್ಷೆಗೆ, ನೀವೇ ಓದಿಕೊಳ್ಳಿ ಎಂದು ಬಿಟ್ಟುಬಿಡುತ್ತಿದ್ದರು.

ಒಂದು ಸಲ ಸೂರತ್ ಕಡೆಯ ಜಿನ್ನಿಂಗ್ ಮಿಲ್ಲಿನಲ್ಲಿದ್ದ ಹಳೆಯ ಶಿಷ್ಯನಿಂದ ಬೀಜ ಬಿಡಿಸದ ಹತ್ತಿ ತರಿಸಿ, ತರಗತಿಯಲ್ಲಿ ಎಲ್ಲರಿಗೂ ಒಂದೊಂದು ಹಿಡಿ ಹಂಚಿದರು. ಬೆರಳಿನಿಂದ ಬೀಜ ಬೇರೆ ಮಾಡಿ ಎಂದರು. ಬೀಜಕ್ಕೆ ಹತ್ತಿ ಎಷ್ಟು ಗಟ್ಟಿಯಾಗಿ ಅಂಟಿರುತ್ತದೆಂದು ಅರಳೆ ಪೇಟೆಯಲ್ಲೇ ಹುಟ್ಟಿದ ಹುಡುಗರಿಗೂ ಗೊತ್ತಿರಲಿಲ್ಲ. ಅವರ ಮನೆಗಳಿಗೆ ಹತ್ತಿ ಬರುತ್ತಿದ್ದದ್ದು ಗಂಟಾಗಿ ಅಥವಾ ದರವಾಗಿ. ಗಂಟೆ ಹೊಡೆಯುವ ಹೊತ್ತಿಗೆ ನನ್ನ ಪಾಲಿನದು ಒಂದು ದೀಪದ ಬತ್ತಿಗಾಗುವಷ್ಟು ಆಗಿತ್ತು. ಮಿಲ್ ಶೇಠರ ಮಗ, ನಮ್ಮ ಪಕ್ಕದ ಬೆಂಚಿನವನು, ಉಗುರು ಊದಿಕೊಳ್ಳುತ್ತ ಕೂತಿದ್ದ.

“ಇದನ್ನ ಮಾಡಲಿಕ್ಕೆ ಒಂದು ಯಂತ್ರ ಬಂತು. ಕೆಲಸ ಹಗುರಾತು. ಗುಲಾಮರು ಕಡಿಮಿ ಆದರೇನು?”

ಆದರು ಸಾಹೇಬ್, ಎಂದು ನಾವೆಲ್ಲ ಒಂದೇ ದನಿಯಲ್ಲಿ ಹೇಳಿದೆವು.

“ಹೆಚ್ಚಾದ್ರು. ಬೀಜ ಬಿಡಿಸೋದು ಸೋವಿ ಆದಮ್ಯಾಲೆ ಹತ್ತಿ ಹಾಕಿದಷ್ಟೂ ಲಾಭ. ಹೊಲ ಹೆಚ್ಚಾತು, ಹೊಲದಾಗ ನಿಲ್ಲೋ ಮಂದಿ ಹೆಚ್ಚು ಬೇಕಾತು. ಯಂತ್ರ ಬಂದ್ರ ಬಿಡುಗಡಿ ಬರತದಂತ ತಿಳಕೋಬ್ಯಾಡ್ರಿ.” ಹೇಳುತ್ತ ಶೇಠರ ಮಗನ ಕೈ ಹಿಡಿದು, ಬೆರಳು ನೋಡಿ, “ಮನೀಗೆ ಹೋಗಿ ಎಣ್ಣಿ ಹಚಗೋ” ಎಂದರು.

ಮೇಷ್ಟ್ರಿಗೆ ಮಕ್ಕಳಿರಲಿಲ್ಲ. ಹೆಂಡತಿ ಗಟ್ಟಿಗಿತ್ತಿ. ಮೊದಲ ದಿನವೇ ನನಗೆ, “ಆಂಟಿ ಅನ್ನಬ್ಯಾಡ, ಕಾಕು ಅನ್ನು” ಎಂದು ಕಟ್ಟಪ್ಪಣೆ ಮಾಡಿದ್ದರು. ಹಳೇ ಊರಿನಲ್ಲಿ ಪೋಳ ಎಂದು ಕರೆಯುವ ಒಂದು ಓಣಿಯಲ್ಲಿ, ಒತ್ತಾಗಿ ನಿಂತ ಮನೆಗಳ ನಡುವೆ, ಎರಡನೇ ಅಂತಸ್ತಿನಲ್ಲಿ ಬಾಡಿಗೆಗಿದ್ದರು. ಕಿಟಕಿಯಿಂದ ಕಾಕು ಎದುರುಮನೆಯವರಿಗೆ ಶೇಂಗಾ ಹಿಂಡಿ ದಾಟಿಸುತ್ತಿದ್ದರು, ಆ ಕಡೆಯಿಂದ ಢೋಕಳಾ ಬರುತ್ತಿತ್ತು. ಗಂಡ ಏನು ಪಾಠ ಮಾಡುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. “ಎಲ್ಲೋ ಯಾರದೋ ಬಡದಾಟ” ಅಷ್ಟೇ.

ಅವರಿಗೆ ನನ್ನ ಮೇಲೆ ಪ್ರೀತಿ ಬಂದದ್ದು ವಡೋದರೆಯಲ್ಲಿ. ಅಲ್ಲಿನ ಕನ್ನಡಿಗರು ಗಣೇಶನ ಹಬ್ಬಕ್ಕೆ ನಮ್ಮನ್ನೂ ಕರೆದಿದ್ದರು. ಮಕರಪುರದ ಕಾರ್ಖಾನೆಗಳಲ್ಲಿರುವ ಎಂಜಿನಿಯರುಗಳು, ರೈಲ್ವೆಯವರು, ಅವರ ಗುಜರಾತಿ ಮಾತಾಡುವ ಮಕ್ಕಳು. ಮನರಂಜನೆಗೆ ನಾನು. ಕಾರ್ಯದರ್ಶಿಯನ್ನು ಮಾಡಿದೆ, ನಮ್ಮಪ್ಪನನ್ನು ಮಾಡಿದೆ, ಕೊನೆಗೆ ಮುಂದಿನ ಸಾಲಿನಲ್ಲೇ ಕೂತಿದ್ದ ಮೇಷ್ಟ್ರನ್ನು ಮಾಡಿದೆ. ಕಾಕು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ನನ್ನನ್ನು ಬದಿಗೆ ಕರೆದರು.

“ಎಲ್ಲಾ ಸರಿ ಮಾಡಿದಿ. ಆದ್ರ ‘ಯಾಕ’ ಅನ್ನೂಮುಂದ ನಾ ಅಷ್ಟು ಹುಬ್ಬು ಏರಸೂದಿಲ್ಲ.”

“ಯಾಕೆ ಸಾರ್?”

“ಯಾಕ?” ಎಂದು ಅವರು ಹುಬ್ಬನ್ನು ಕೂದಲಿನವರೆಗೆ ಏರಿಸಿದರು.

ಅವರ ಗಂಟಲು ಕೆಟ್ಟದ್ದು ಆ ಮಳೆಗಾಲ ಕಳೆದ ಮೇಲೆ. ಆ ವರ್ಷ ಮೇಷ್ಟ್ರು ಹಟ ತೊಟ್ಟಿದ್ದರು. ಗೋಕುಲಾಷ್ಟಮಿ ಆಗುತ್ತಲೇ ಕಾರಣಗಳನ್ನು ಶುರುಹಚ್ಚಿ, ದೀಪಾವಳಿಯೊಳಗೇ ಕೆಳಗೆ ಹೊಲದ ಹೆಂಗಸಿನವರೆಗೆ ಇಳಿಸಿದ್ದರು. “ಈ ವರ್ಷ ಯುದ್ಧ ಮುಗಸತೀನಿ. ಅವರ ಬಿಡುಗಡಿ ನಿಮ್ಮ ಕಿವೀಲೆ ನೀವು ಕೇಳಬೇಕು” ಎಂದು ತರಗತಿಯಲ್ಲೇ ಸಾರಿದ್ದರು. ಅಷ್ಟರಲ್ಲಿ ದನಿ ಒಡೆಯತೊಡಗಿತು. ಮೊದಮೊದಲು ಹಳೇ ಬಟ್ಟೆ ಹರಿದ ಸದ್ದು, ಆಮೇಲೆ ಬರೀ ಗಾಳಿ. ಮೇಷ್ಟ್ರು ಮಿಲ್ಲಿನ ಅರಳೆಯ ಧೂಳನ್ನು ದೂರಿದರು. ಕಾಕು ಅಡಿಕೆಯನ್ನು ದೂರಿದರು. ಡಾಕ್ಟರು ಯಾವುದನ್ನೂ ದೂರದೆ ಗಂಟಲಿನಲ್ಲಿ ಗಡ್ಡೆ ಇದೆ ಎಂದರು. ಮುಂಬಯಿಯ ಆಸ್ಪತ್ರೆಯಲ್ಲಿ ಕೊಯ್ಯಬೇಕು, ಹಾಸಿಗೆ ಖಾಲಿಯಾದ ಕೂಡಲೆ ಕರೆ ಬರುತ್ತದೆ, ಅಲ್ಲಿಯವರೆಗೆ ಒಂದು ಮಾತೂ ಆಡಕೂಡದು.

ಪ್ರಿನ್ಸಿಪಾಲರು ಒಳ್ಳೆಯವರೇ. ರಜೆ ಹಾಕಿ, ನಿಮ್ಮ ಪಾಠಗಳನ್ನು ಹೊಸದಾಗಿ ಬಂದ ಲೆಕ್ಚರರು ನೋಡಿಕೊಳ್ಳುತ್ತಾರೆ ಎಂದರು. ಆ ಲೆಕ್ಚರರು ಗೈಡು ಹಿಡಿದೇ ತರಗತಿಗೆ ಹೋಗುವವರು. ಮೇಷ್ಟ್ರು ಮನೆಗೆ ಬಂದು ಊಟ ಮಾಡದೆ ಕೂತರು.

ಮರುದಿನ ಕಾಕು ನನ್ನನ್ನು ಕರೆಸಿದರು. ಮೇಷ್ಟ್ರು ಕುರ್ಚಿಯಲ್ಲಿ, ತೊಡೆಯ ಮೇಲೆ ಒಂದು ಪಾಟಿ, ಕೈಯಲ್ಲಿ ಬಳಪ. ಪಾಟಿಯ ಮೇಲೆ ದೊಡ್ಡದಾಗಿ, ‘ಯುದ್ಧ ಮುಗಸಬೇಕು.’

“ಇವರ ದನಿ ನಿನ್ನ ಹತ್ರ ಅದ,” ಎಂದರು ಕಾಕು. “ನಾಳಿಯಿಂದ ನೀನ ಮಾತಾಡು. ಇವರು ಬರದು ಕೊಡತಾರ.”

“ಕಾಕು, ನನಗೆ ಪಾಸಾಗೋಕೇ ಬರಲ್ಲ. ಪಾಠ ಮಾಡು ಅಂತೀರಲ್ಲ.”

“ನಿನಗ ತಿಳೀಬೇಕು ಅಂತ ಯಾರಂದ್ರು? ದನಿ ಕೊಡು, ಸಾಕು. ಇಲ್ಲಾಂದ್ರ ಇವರು ತಾವ ಮಾತಾಡತಾರ, ಇದ್ದಷ್ಟು ಗಂಟಲಾನೂ ಹೋಗತದ.”

ಪ್ರಿನ್ಸಿಪಾಲರು ಕೆಮ್ಮಿದರು, ಇದು ತರಗತಿಯೋ ತಮಾಷೆಯೋ ಎಂದು ಕೇಳಿದರು, ಮತ್ತೆ ಕೆಮ್ಮಿದರು. ಮುಂಬಯಿಯ ಕರೆ ಬರುವವರೆಗೆ ಎಂದು ಒಪ್ಪಿದರು.

ಮೊದಲ ದಿನ ನಾನು ಮೇಜಿನ ಹಿಂದೆ ನಿಂತೆ. ಮೇಷ್ಟ್ರು ನಕಾಶೆಯ ಪಕ್ಕ, ಕೈಯಲ್ಲಿ ಫುಟ್‌ಪಟ್ಟಿ. ನಾನು ಬಾಯಿ ತೆರೆದು ಅವರ ದನಿಯಲ್ಲಿ, “ಕೂಡ್ರಿ” ಅಂದ ಕೂಡಲೆ ತರಗತಿ ಬಿದ್ದು ಬಿದ್ದು ನಕ್ಕಿತು. ಪಕ್ಕದ ತರಗತಿಯವರು ಬಾಗಿಲಿಗೆ ಬಂದರು. ಮೇಷ್ಟ್ರು ಎಲ್ಲರ ನಗು ಮುಗಿಯುವವರೆಗೆ ಕಾದು, ನಕಾಶೆಯಲ್ಲಿ ದಕ್ಷಿಣದ ಬಂದರಿನ ಕೋಟೆಯ ಮೇಲೆ ಪಟ್ಟಿಯ ತುದಿ ಇಟ್ಟರು. ನಾನು ಮೊದಲ ಗುಂಡು ಹಾರಿಸಿದೆ.

ಮೊದಲ ಕಾಳಗ ನೋಡಲು ರಾಜಧಾನಿಯ ದೊಡ್ಡ ಮನುಷ್ಯರು ಬುತ್ತಿ ಕಟ್ಟಿಕೊಂಡು ಗಾಡಿಯಲ್ಲಿ ಹೋದರು ಎಂದು ಮೇಷ್ಟ್ರು ಬರೆದಿದ್ದರು. ನಾನು ಅದಕ್ಕೆ ಥೇಪ್ಲಾ, ಉಪ್ಪಿನಕಾಯಿ ಸೇರಿಸಿದೆ. ಪಟ್ಟಿ ನನ್ನ ಬೆನ್ನಿಗೆ ಬಿತ್ತು. ಮೆಲ್ಲಗೇ ಬಿತ್ತು. ಆ ಬುತ್ತಿಯವರು ಸಂಜೆಗೆ ಸೈನಿಕರ ಜೊತೆ ಓಡಿಬಂದರು ಎಂಬಲ್ಲಿ ತರಗತಿ ನಗಲಿಲ್ಲ. ಕೆಲವು ದಿನ ಕಳೆದ ಮೇಲೆ ಯಾರೂ ನನ್ನ ಕಡೆ ನೋಡುವುದನ್ನೇ ಬಿಟ್ಟರು. ದನಿ ನನ್ನ ಕಡೆಯಿಂದ ಬರುತ್ತಿತ್ತು, ಅವರ ಕಣ್ಣು ನಕಾಶೆಯ ಬಳಿ ನಿಂತ ಮನುಷ್ಯನ ಮೇಲಿರುತ್ತಿತ್ತು. ನನ್ನ ಜೀವನದಲ್ಲಿ ಪ್ರೇಕ್ಷಕರು ನನ್ನನ್ನು ಇಷ್ಟು ಚೆನ್ನಾಗಿ ಮರೆತದ್ದು ಅದೇ ಮೊದಲು.

ಉತ್ತರದವರ ಹಡಗುಗಳು ದಕ್ಷಿಣದ ಬಂದರುಗಳನ್ನು ಮುಚ್ಚಿದವು. ಹತ್ತಿ ಹೊರಗೆ ಹೋಗಲಿಲ್ಲ. ಬಂಡೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರು ಎಂದು ಅಧ್ಯಕ್ಷ ಸಾರಿದ. ಅದರಿಂದ ಅಂದೇ ಹೆಚ್ಚಿನವರ ಸಂಕೋಲೆ ಕಳಚಲಿಲ್ಲ, ಆದರೆ ಉತ್ತರದ ಸೈನ್ಯ ಎಲ್ಲಿ ಕಾಲಿಟ್ಟಿತೋ ಅಲ್ಲಿ ಕಳಚುತ್ತ ಹೋಯಿತು. ತಪ್ಪಿಸಿಕೊಂಡು ಬಂದ ಗುಲಾಮರು ತಾವೇ ಬಂದೂಕು ಹಿಡಿದು ಸೈನ್ಯ ಸೇರಿದರು. ಇದನ್ನೆಲ್ಲ ನಾನು ಹೇಳಿದೆ. ಅರ್ಥವಾಗಿ ಹೇಳಿದೆನೆಂದು ಹೇಳಲಾರೆ. ಮೇಷ್ಟ್ರ ಪಟ್ಟಿ ಮಿಸಿಸಿಪ್ಪಿ ನದಿಯ ಮೇಲೆ ಇಳಿಯುತ್ತ ಬಂದು ವಿಕ್ಸ್‌ಬರ್ಗ್ ಎಂಬ ಊರಿನ ಮೇಲೆ ನಿಂತಿತು. ಮುತ್ತಿಗೆಯಲ್ಲಿ ಹಸಿದು ಆ ಊರು ಶರಣಾಯಿತು, ನದಿ ಉತ್ತರದವರ ಕೈಗೆ ಬಂತು, ದಕ್ಷಿಣ ಎರಡು ಹೋಳಾಯಿತು.

ಆ ಪಾಠದ ದಿನ ಬೆಳಿಗ್ಗೆ ಮುಂಬಯಿಯಿಂದ ಕರೆ ಬಂದಿತ್ತು. ಮರುದಿನವೇ ಹೊರಡಬೇಕು. ಹಾಗಾಗಿ ಅದು ಕೊನೆಯ ತರಗತಿ. ಉಳಿದದ್ದೆಲ್ಲವನ್ನೂ ಅದೇ ಗಂಟೆಯಲ್ಲಿ ಮುಗಿಸಬೇಕೆಂದು ಮೇಷ್ಟ್ರು ಮನೆಯಲ್ಲೇ ಯೋಚಿಸಿಕೊಂಡು ಬಂದಿದ್ದರು. ಪಾಟಿಯ ತುಂಬ ಸಣ್ಣ ಅಕ್ಷರ. ನದಿಯ ಪಾಠ ಹೇಳಿ ಮುಗಿಸಿ ಪಾಟಿಯ ಕಡೆ ನೋಡುವಷ್ಟರಲ್ಲಿ ಶೇಠರ ಮಗ ಎದ್ದು ನಿಂತ. ಕೆಟ್ಟ ಹುಡುಗನಲ್ಲ ಅವನು. ನಿಜವಾಗಿ ತಿಳಿಯಲೆಂದೇ ಕೇಳಿದ.

“ಸಾಹೇಬ್, ಗುಲಾಮರಿಗೆ ಊಟ, ಮನೆ, ಔಷಧ ಎಲ್ಲ ಧಣಿಯೇ ಕೊಡುತ್ತಿದ್ದ. ನಮ್ಮ ಮಿಲ್ಲಿನವರಿಗೆ ಅದೂ ಇಲ್ಲ. ಚೆನ್ನಾಗಿ ನೋಡಿಕೊಂಡಿದ್ದರೆ ಅವರಿಗೆ ಅದೇ ಒಳ್ಳೆಯದಿತ್ತಲ್ಲವೇ? ಯುದ್ಧ ಬೇಕಿತ್ತೇ?”

ಇದಕ್ಕೆ ಪಾಟಿಯಲ್ಲಿ ಉತ್ತರ ಇರಲಿಲ್ಲ. ನಾನು ಹುಬ್ಬೇರಿಸಿ ಏನೋ ಒಂದು ಅನ್ನಲು ಹೊರಟೆ. ಮೇಷ್ಟ್ರು ಪಟ್ಟಿಯಿಂದ ಮೇಜು ತಟ್ಟಿ ನನ್ನನ್ನು ನಿಲ್ಲಿಸಿದರು. ಆಮೇಲೆ ಅವರೇ ಮಾತಾಡಿದರು. ದನಿಯಲ್ಲ ಅದು. ಉಸಿರಿಗೆ ಮಾತಿನ ಆಕಾರ ಕೊಟ್ಟ ಹಾಗೆ. ಹಿಂದಿನ ಬೆಂಚಿನವರು ಎದ್ದು ಮುಂದೆ ಬಂದು ನಿಂತರು.

“ನಮ್ಮ ಮುತ್ತಜ್ಜಂದು ಹತ್ತಿ ವ್ಯಾಪಾರ, ಧಾರವಾಡದ ಕಡೆ. ಅಮೆರಿಕದಾಗ ಅಣ್ಣತಮ್ಮರ ಜಗಳ ಹತ್ತೇದ, ಅಲ್ಲಿಂದ ಹತ್ತಿ ಬರೋದು ಬಂದ್ ಆಗೇದ ಅಂತ ಸುದ್ದಿ ಬಂತು. ನಮ್ಮ ಹತ್ತಿ ಬಂಗಾರ ಆತು. ಮಂದಿ ಚಕ್ಕಡಿ ಗಾಲಿಗೆ ಬೆಳ್ಳಿ ಪಟ್ಟಿ ಬಡಸಿದ್ರಂತ. ನಮ್ಮವರು ಮನಿ ಕಟ್ಟಿದ್ರು. ನಾ ಹುಟ್ಟಿದ್ದು ಆ ಮನ್ಯಾಗ.”

ಉಸಿರು ಎಳೆದುಕೊಂಡರು. ಶೇಠರ ಮಗ ಇನ್ನೂ ನಿಂತೇ ಇದ್ದ.

“ಆ ಜಗಳ ನಿಲ್ಲಬಾರದು ಅಂತ ಮುತ್ತಜ್ಜ ಹನುಮಪ್ಪನ ಮುಂದ ನಂದಾದೀಪ ಹಚ್ಚಿಸಿದ. ದಿನಾ ತಾನ ಹೋಗಿ ಎಣ್ಣಿ ಹಾಕತಿದ್ದ. ಜಗಳ ಯಾತಕ್ಕ ಅಂತ ಅವಗ ಗೊತ್ತಿದ್ದಿಲ್ಲ. ಯಾರನ್ನೂ ಕೇಳಲೂ ಇಲ್ಲ. ಒಳ್ಳೆ ಮನಶ್ಯಾನ, ಊರಾಗ ಹಸದವರಿಗೆ ಊಟಾ ಹಾಕತಿದ್ದ. ಒಂದು ದಿನ ಯುದ್ಧ ಮುಗೀತು ಅಂತ ಸುದ್ದಿ ಬಂತು. ಹತ್ತಿ ದರ ಬಿತ್ತು. ಅವತ್ತ ನಮ್ಮ ಮನ್ಯಾಗ ಒಲಿ ಹಚ್ಚಲಿಲ್ಲ. ಸತ್ತವರ ಮನಿಗೆ ಬಂದಂಗ ಮಂದಿ ಬಂದು ಕೂತು ಹೋದ್ರು. ನಾಲ್ವತ್ತು ಲಕ್ಷ ಮಂದಿ ಬಿಡುಗಡಿ ಆದ ಸುದ್ದಿಗೆ ನಮ್ಮ ಮನ್ಯಾಗ ಸೂತಕ.”

ಮೇಷ್ಟ್ರು ಪಟ್ಟಿಯನ್ನು ಮೇಜಿನ ಮೇಲಿಟ್ಟು ಅವನ ಕಡೆ ತಿರುಗಿದರು.

“ಇದು ನಿನ್ನ ಪ್ರಶ್ನಿಗೆ ಉತ್ತರ ಅಲ್ಲಪಾ. ಮುತ್ತಜ್ಜಗ ಯಾರರ ಹೇಳಿದ್ರ ಅವನೂ ಇದನ್ನ ಕೇಳತಿದ್ದ. ಚಲೋ ನೋಡಕೊಂಡಿದ್ರ ಏನಾಗತಿತ್ತು, ಅಂತ. ಅದಕ್ಕ ಹೇಳಿದೆ. ಕೂಡು.”

ಅವನು ಕೂತ. ಗಂಟೆ ಹೊಡೆಯಿತು.

ಕಾರಿಡಾರಿನಲ್ಲಿ ಮೇಷ್ಟ್ರು ಪಾಟಿಯನ್ನು ಅಂಗೈಯಿಂದ ಒರೆಸಿ, ಬಳಪದಲ್ಲಿ ಬರೆದು ನನಗೆ ತೋರಿಸಿದರು. ‘ಎಲ್ಲಿಗೆ ನಿಂತ್ವಿ?’

“ವಿಕ್ಸ್‌ಬರ್ಗ್ ಸಾರ್. ನದಿ ಸಿಕ್ತು.”

ಅವರು ಲೆಕ್ಕ ಹಾಕಿ ಬರೆದರು. ‘ಇನ್ನೂ ಎರಡು ವರ್ಷ ಅದ.’

ಮುಂಬಯಿಯಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತಂತೆ. ಆಮೇಲೆ ಎದೆಯಲ್ಲಿ ಕಫ ತುಂಬಿತಂತೆ. ನನಗೆ ಹೇಳಿದವರು ಸಂಘದ ಕಾರ್ಯದರ್ಶಿ. ಭಾನುವಾರ ಬೆಳಿಗ್ಗೆ ಫಾಫಡಾ ಅಂಗಡಿಯ ಮುಂದೆ ಸಿಕ್ಕಿದರು. “ನಿಮ್ಮ ಮೇಷ್ಟ್ರು ಹೋಗ್ಬಿಟ್ರಂತೆ ಕಣಯ್ಯ” ಎಂದರು, ಹೋಗ್ಬಿಟ್ರು ಎನ್ನುವುದರ ಅರ್ಧವನ್ನು ಮೂಗಿನಲ್ಲಿ ಉಳಿಸಿಕೊಂಡು. ನನ್ನ ಬಾಯಲ್ಲಿ ಫಾಫಡಾ ಇತ್ತು. ಅಗಿದು ನುಂಗಿದೆ. ಖಾರದ ಹಸಿಮೆಣಸಿನಕಾಯಿ ಒಂದನ್ನು ಕಚ್ಚಿದೆ. ಏನೂ ಅನ್ನಿಸಲಿಲ್ಲ, ಖಾರವೂ ಅನ್ನಿಸಲಿಲ್ಲ. ಮನೆಗೆ ಬಂದು ಅಮ್ಮನಿಗೆ ಸುದ್ದಿ ಹೇಳುವಾಗ ಕಾರ್ಯದರ್ಶಿಯ ಮೂಗಿನಲ್ಲೇ ಹೇಳಿದೆನಂತೆ. ಅಮ್ಮ ಬೈದಳು. ನನಗೆ ಗೊತ್ತೇ ಆಗಿರಲಿಲ್ಲ.

ಹೊಸ ಲೆಕ್ಚರರು ಒಂದೇ ಪಿರಿಯಡ್ಡಿನಲ್ಲಿ ಕಾರಣ ಆರು, ಪರಿಣಾಮ ಐದು ಎಂದು ಬರೆಸಿದರು. ನಡುವಿನ ಯುದ್ಧವನ್ನು ಮನೆಯಲ್ಲಿ ಓದಿಕೊಳ್ಳಿ ಎಂದರು. ನಾವು ಬರೆದುಕೊಂಡೆವು. ಶೇಠರ ಮಗ ಗುಲಾಮಗಿರಿ ನಾಲ್ಕನೆಯದಲ್ಲ ಎಂದು ಹೇಳಲು ಕೈ ಎತ್ತಿದ. ಲೆಕ್ಚರರು ನೋಡಲಿಲ್ಲ, ಅವನೂ ಇಳಿಸಿದ.

ಕಾಕು ಬೇಸಿಗೆಯಲ್ಲಿ ತಮ್ಮನನ್ನು ಕರೆದುಕೊಂಡು ಮನೆ ಖಾಲಿ ಮಾಡಲು ಬಂದರು. ಅವನು ಸಾಮಾನು ಬುಕ್ ಮಾಡಲು ಸ್ಟೇಷನ್ನಿಗೆ ಹೋಗಿದ್ದ. ನಾನು ಹೋದಾಗ ಕಾಕು ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಸುತ್ತಿ ಗೋಣಿಚೀಲಕ್ಕೆ ತುಂಬುತ್ತಿದ್ದರು.

“ಕೂಡಪಾ. ಅವರ ದನಿ ಇನ್ನೂ ಅದ ಏನು ನಿನ್ನ ಹತ್ರ?”

“ಇದೆ ಕಾಕು.”

“ಒಂದೀಟು ಅನ್ನು.”

ನಾನು ಗಂಟಲು ಸರಿ ಮಾಡಿಕೊಂಡು, “ಏನ ಅಡಗಿ ಇವತ್ತ?” ಎಂದೆ. ಕಾಕು ಪಾತ್ರೆ ಕೆಳಗಿಟ್ಟರು.

“ಅವರು ಹಂಗ ಕೇಳತಿದ್ದಿಲ್ಲ. ಬಂದು ಕೂತು ತಾಟ ನೋಡತಿದ್ರು ಅಷ್ಟ.”

ಮನೆಯ ಮೇಷ್ಟ್ರು ನನಗೆ ಬರುತ್ತಿರಲಿಲ್ಲ. ನನಗೆ ಬರುತ್ತಿದ್ದದ್ದು ತರಗತಿಯ ಮೇಷ್ಟ್ರು ಮಾತ್ರ. ಹಾಗೆಂದು ಹೇಳಿದೆ.

“ಹಂಗಾರ ಅದನ್ನ ಹೇಳು. ಆ ಬಡದಾಟ. ನಾ ಒಮ್ಮೆನೂ ಕೇಳಿಲ್ಲ.”

ನಾನು ಮೊದಲಿನಿಂದ ಶುರು ಮಾಡಿದೆ. ಕಾಕು ಚೀಲ ತುಂಬುತ್ತ ಕೇಳಿದರು. ಹತ್ತಿ, ಹೊಲ, ಹೊಲದ ಹೆಂಗಸು. ಕೋಟೆಯ ಮೇಲೆ ಗುಂಡು. ಬುತ್ತಿ ಕಟ್ಟಿಕೊಂಡು ಹೋದವರ ಸುದ್ದಿಗೆ, “ಮಂಗ್ಯಾನಂಥವರು” ಎಂದರು. ವಿಕ್ಸ್‌ಬರ್ಗ್ ಬಂತು. ಮೇಷ್ಟ್ರು ನನ್ನ ಬಾಯಿಗೆ ಇಟ್ಟದ್ದು ಅಲ್ಲಿಗೇ ಕೊನೆ. ಮುಂದಿನದನ್ನು ನಾನು ಪರೀಕ್ಷೆಗೆಂದು ಓದಿದ್ದೆ. ಪರೀಕ್ಷೆಯಲ್ಲಿ ಅದು ಬಂದಿರಲಿಲ್ಲ. ಅದನ್ನೇ ಅವರ ದನಿಯಲ್ಲಿ ಹೇಳಿದೆ. ಉತ್ತರದ ಸೈನ್ಯ ಹೊಲಗಳನ್ನು ಸುಡುತ್ತ ಸಮುದ್ರದವರೆಗೆ ನಡೆಯಿತು. ರೈಲು ಕಂಬಿ ಕಿತ್ತು, ಬೆಂಕಿಯಲ್ಲಿ ಕಾಯಿಸಿ, ಮರಗಳಿಗೆ ಸುತ್ತಿದರು. ಕೊನೆಗೆ ಒಂದು ಹಳ್ಳಿಯ ಮನೆಯ ಪಡಸಾಲೆಯಲ್ಲಿ ದಕ್ಷಿಣದ ಸೇನಾಪತಿ ಬಂದು ಸಹಿ ಹಾಕಿದ. ಸೋತವರು ತಮ್ಮ ಕುದುರೆಗಳನ್ನು ಉಳುಮೆಗೆ ಮನೆಗೆ ಒಯ್ಯಬಹುದು ಎಂದು ಗೆದ್ದವನು ಬಿಟ್ಟುಕೊಟ್ಟ.

“ಮುಗೀತೇನು?”

“ಮುಗೀತು.”

“ಮತ್ತ ಆ ಮಂದಿ?”

“ಬಿಡುಗಡಿ ಆದ್ರು. ಅಲ್ಲಿ ಕಾಯ್ದೆನೂ ಆತು.”

“ಆಗಿ ಎಲ್ಲೆ ಹೋದ್ರು?”

ಇದನ್ನು ನಾನು ಪುಸ್ತಕದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಓದಿದ್ದೆ. ಅವರ ದನಿಯಲ್ಲೇ ಹೇಳಿದೆ. “ಭಾಳ ಮಂದಿ ಅದೇ ಧಣಿ ಹೊಲಕ್ಕ ಹೋದ್ರು. ಹತ್ತಿ ಬೆಳೀಲಿಕ್ಕೆ. ಪಾಲಿಗೆ.”

ಕಾಕು ಚೀಲದ ಬಾಯಿಗೆ ಹಗ್ಗ ಬಿಗಿದರು. ಬಿಗಿದ ಗಂಟನ್ನು ಮತ್ತೊಮ್ಮೆ ಎಳೆದು ನೋಡಿದರು.

“ಇದನ್ನೂ ಹೇಳಬೇಕಂತಿದ್ರೇನು ಅವರು?”

“ಗೊತ್ತಿಲ್ಲ ಕಾಕು,” ಎಂದೆ ನಾನು. “ಅಲ್ಲೀವರೆಗೆ ಯಾವ ವರ್ಷವೂ ಬರಲೇ ಇಲ್ಲ.”

“ಬಂದಿದ್ರ ಅಲ್ಲಿಂದ ಮತ್ತ ಯಾಕ ಅಂತ ಸುರು ಮಾಡತಿದ್ರು. ಮುಗಸೋ ಮನಶ್ಯಾ ಅಲ್ಲ ಅವರು.” ಕಾಕು ಎದ್ದು ಸೆರಗು ಸಿಕ್ಕಿಸಿಕೊಂಡರು. “ಹಿಡಿ, ಆ ಕಡೆ ಹಿಡಿ. ಕೆಳಗ ಗಾಡಿ ಬಂದದ.”

ಚೀಲ ಭಾರವಿತ್ತು. ಪೋಳದ ಮೆಟ್ಟಿಲು ಇಕ್ಕಟ್ಟು. ಅವರು ಮುಂದೆ, ನಾನು ಹಿಂದೆ, ಒಂದೊಂದೇ ಮೆಟ್ಟಿಲು ಇಳಿದೆವು.